ಶಾಲೆಯ ಕೀಲಿಕೈ ಯಾರ ಹತ್ತಿರ?

ಕೃಷ್ಣಾ ತೀರದಲ್ಲಿ ಗ್ರಾಮ ಲೆಕ್ಕಾಧಿಕಾರಿಯಾಗಿ, ಆಮೇಲೆ ಕಂದಾಯ ನಿರೀಕ್ಷಕನಾಗಿ ನೌಕರಿ ಮುಗಿಸಿದವನು ನಾನು. 2005ರ ಮಹಾಪೂರವನ್ನೂ 2019ರದ್ದನ್ನೂ ಕಂಡಿದ್ದೇನೆ. ಪ್ರತಿ ಬೇಸಿಗೆಯ ಕೊನೆಗೆ ಮುಂಗಾರು ಪೂರ್ವಸಿದ್ಧತಾ ಸಭೆ ನಡೆಯುತ್ತಿತ್ತು: ಚಹಾ, ಬಿಸ್ಕತ್ತು, ಇಸವಿ ಮಾತ್ರ ತಿದ್ದಿದ ಹಿಂದಿನ ವರ್ಷದ ವರದಿ. ಈಗ ಆ ಕುರ್ಚಿಗಳಲ್ಲಿ ಕೂತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಹುದ್ದೆ ಬರೆಯಬೇಡಿ, ಹೆಸರು ಬರೆಯಿರಿ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಪರಿಷ್ಕರಿಸಬೇಕು. ರಾತ್ರಿ ಎರಡು ಗಂಟೆಗೆ ಬೀಗ ತೆಗೆಯುವವರು ಯಾರು ಎಂದು ಕಾಯ್ದೆ ಹೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ನೆರೆ ಸಂತ್ರಸ್ತರಿಗೆಂದು ಗುರುತಿಸಿದ್ದ ನಮ್ಮ ಕಾಳಜಿ ಕೇಂದ್ರ ಒಂದು ಸರ್ಕಾರಿ ಶಾಲೆ. ಕೀಲಿಕೈ ಯಾರ ಹತ್ತಿರ ಎಂಬ ಪಟ್ಟಿಯಲ್ಲಿ ಇದ್ದದ್ದು ‘ಮುಖ್ಯಶಿಕ್ಷಕರು’ ಎಂಬ ಪದ. ಅವರ ಮನೆ ತಾಲ್ಲೂಕು ಕೇಂದ್ರದಲ್ಲಿ, ನಡುವಿನ ಸೇತುವೆ ನೀರಿನಡಿ. ಬೀಗ ಒಡೆದೆವು. ಒಳಗೆ ಬೆಂಚುಗಳನ್ನು ಮಾಳಿಗೆ ಮುಟ್ಟುವಂತೆ ಪೇರಿಸಿದ್ದರು; ಇದ್ದ ಎರಡು ಶೌಚಾಲಯಗಳಲ್ಲಿ ಒಂದರ ತುಂಬ ಬಿಸಿಯೂಟದ ಕಟ್ಟಿಗೆ. ಹೊರಗೆ ಮಳೆಯಲ್ಲಿ ಬಾಣಂತಿಯೊಬ್ಬಳು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ಬೀಗ ಒಡೆದದ್ದೇಕೆಂದು ಆಮೇಲೆ ಟಿಪ್ಪಣಿ ಬರೆದುಕೊಟ್ಟೆ, ಅದು ಬೇರೆ ಕತೆ.

2. ಕ್ಯೂಸೆಕ್ಕನ್ನು ಊರಿನ ಲೆಕ್ಕಕ್ಕೆ ತನ್ನಿ.

ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಹತ್ತಿರ ಒಟ್ಟು ಇಷ್ಟು ಕ್ಯೂಸೆಕ್ ಎಂದು ಸಂದೇಶ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಇದನ್ನು ಕಟ್ಟಿಕೊಂಡು ರೈತ ಏನು ಮಾಡಬೇಕು? ಗುಡಿಯ ಎಷ್ಟನೇ ಮೆಟ್ಟಿಲು ಮುಳುಗುತ್ತದೆ, ಯಾವ ಹೊತ್ತಿಗೆ ಎಂಬುದು ಅವನ ಪ್ರಶ್ನೆ. ಅಂಬಿಗರ ಜೊತೆ ಕೂತು ನಾನೊಂದು ನೋಟ್‌ಬುಕ್ ಮಾಡಿಕೊಂಡೆ: ಎಡಕ್ಕೆ ಕ್ಯೂಸೆಕ್, ಬಲಕ್ಕೆ ಮೆಟ್ಟಿಲು, ಹಳ್ಳದ ಸೇತುವೆ, ಸ್ಮಶಾನದ ಗೋಡೆ. ಇಲಾಖೆ ಕೊಟ್ಟ ಯಾವ ನಕಾಶೆಯೂ ನನಗೆ ಅಷ್ಟು ಉಪಯೋಗಕ್ಕೆ ಬರಲಿಲ್ಲ.

3. ಹಳೆಯ ಗೆರೆ ನಂಬಬೇಡಿ.

“2005ರಾಗ ಈ ಕಟ್ಟಿಗಿ ನೀರ ಮುಟ್ಟಿಲ್ರಿ ಸಾಹೇಬ್ರ, ಈಗೇನ್ ಮುಟ್ಟತೈತಿ?” ಎಂದರು ಒಬ್ಬ ಹಿರಿಯರು. ಮರುದಿನ ಕಟ್ಟೆ ಕಾಣಿಸಲಿಲ್ಲ. ಅವರನ್ನು ಬೈಯುವ ಹಾಗಿರಲಿಲ್ಲ, ನಮ್ಮ ಯೋಜನೆಯಲ್ಲಿದ್ದದ್ದೂ ಅದೇ 2005ರ ನೀರಿನ ಗೆರೆ.

4. ಮೊದಲು ದನ, ಆಮೇಲೆ ಜನ.

ಕೇಳಲು ಒರಟಾಗಿದೆ, ಗೊತ್ತು. ತೋಟದ ಮನೆಯವರು ಹಟಮಾರಿಗಳು, ಎಷ್ಟು ಕರೆದರೂ ಬರುವುದಿಲ್ಲ ಎಂದು ಮೇಲಿನವರು ಸಿಟ್ಟಾಗುತ್ತಾರೆ. ಎರಡು ಎಮ್ಮೆ, ಒಂದು ಜೋಡಿ ಎತ್ತು ಬಿಟ್ಟು ಯಾರು ಬರುತ್ತಾರೆ? ಬೋಟನ್ನು ಎಮ್ಮೆ ಹತ್ತುವುದಿಲ್ಲ. ರಸ್ತೆ ಇನ್ನೂ ಒಣಗಿರುವಾಗಲೇ ಎತ್ತರದ ಜಾಗದಲ್ಲಿ ಮೇವು ಒಟ್ಟಿ, ನೀರಿನ ತೊಟ್ಟಿ ಇಟ್ಟು, “ದನಾ ಹೊಡಕೊಂಡ ಬರ್ರಿ” ಎಂದು ಡಂಗುರ ಸಾರಿಸಿ. ದನದ ಹಿಂದೆ ಮನೆಮಂದಿ ತಾವಾಗಿಯೇ ಬರುತ್ತಾರೆ. ಯಾರ ಮನೆಯಲ್ಲಿ ಎಷ್ಟು ಹಾಲು ಕರೆಯುವ ದನ ಎಂದು ತಿಳಿಯಬೇಕಾದರೆ ನಮ್ಮ ಕಡತ ಬಿಟ್ಟು ಹಾಲಿನ ಡೇರಿಯ ಕಾರ್ಯದರ್ಶಿಯನ್ನು ಕೇಳಿ. ದಿನ ತುಂಬಿದ ಬಸುರಿಯರ ಲೆಕ್ಕ ಆಶಾ ಕಾರ್ಯಕರ್ತೆಯ ಬಾಯಲ್ಲೇ ಇರುತ್ತದೆ. ಇಬ್ಬರನ್ನೂ ಸಭೆಗೆ ಕರೆದದ್ದು ನನಗೆ ನೆನಪಿಲ್ಲ.

5. ಅಣಕು ಕಾರ್ಯಾಚರಣೆ ಕತ್ತಲಲ್ಲಿ ಮಾಡಿ.

ಮಟಮಟ ಮಧ್ಯಾಹ್ನ, ಪತ್ರಿಕೆಯವರ ಮುಂದೆ ಬೋಟು ಸೊಗಸಾಗಿ ಓಡುತ್ತದೆ. ಒಮ್ಮೆ ಹೇಳದೆ ಕೇಳದೆ ಸಂಜೆ ಏಳಕ್ಕೆ ಇಳಿಸಲು ಹೇಳಿದೆ. ಎಂಜಿನ್ನಿಗೆ ಪೆಟ್ರೋಲ್ ಇರಲಿಲ್ಲ. ಟಾರ್ಚ್ ಇತ್ತು, ಸೆಲ್ ಇರಲಿಲ್ಲ.

6. ಸಹಾಯವಾಣಿಗೆ ನೀವೇ ಕರೆ ಮಾಡಿ.

1077 ಎಂದು ಗೋಡೆಯ ಮೇಲೆಲ್ಲ ಬರೆಸುತ್ತೇವೆ. ಈ ವಾರ, ನಿಮ್ಮ ಹುದ್ದೆ ಹೇಳದೆ, ಹಳ್ಳಿಯವರೊಬ್ಬರ ಮೊಬೈಲಿನಿಂದ ಒಮ್ಮೆ ಆ ನಂಬರಿಗೆ ಕರೆ ಮಾಡಿ ನೋಡಿ. ಭಾನುವಾರ ನಡುರಾತ್ರಿ ಮಾಡಿ.