ಕ್ಷೇತ್ರಕಾರ್ಯದ ಚಿತ್ರಸಂಗ್ರಹ ಮತ್ತು ಗಣಕದ ಮೆಮೊರಿ

ಕನ್ನಡ ಅಧ್ಯಯನವು ಕರ್ನಾಟಕದ ಗಡಿಯೊಳಗೆ ಮುಗಿಯುವುದಿಲ್ಲ ಎಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಬೇರೆಯಾಗಿ ಹೇಳಬೇಕಿಲ್ಲ. ಹೊಯ್ಸಳ ಅರಸರ ಬಿರುದಾವಳಿಯಲ್ಲಿ ತಲಕಾಡಿನ ಜೊತೆಗೆ ಕೊಂಗುನಾಡಿನ ಹೆಸರೂ ಬರುತ್ತದೆ. ಇಂದಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಆ ಕೊಂಗುನಾಡಿನ ಮುಖ್ಯ ಭಾಗಗಳು. 18ನೆಯ ಶತಮಾನದಲ್ಲಿ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ ಈ ಪ್ರದೇಶ 1799ರಲ್ಲಿ ಟಿಪ್ಪುವಿನ ಪತನದ ನಂತರ ಇಂಗ್ಲಿಷರ ವಶವಾಯಿತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿನ ದೇವಾಂಗ ನೇಕಾರರಲ್ಲಿಯೂ ಒಕ್ಕಲಿಗರಲ್ಲಿಯೂ ಅನೇಕ ಕುಟುಂಬಗಳ ಮನೆಮಾತು ಇಂದಿಗೂ ಕನ್ನಡ. ಓದು ಬರಹ ಮಾತ್ರ ಬಹುಮಟ್ಟಿಗೆ ತಮಿಳಿನಲ್ಲಿ.

ಇಂತಹ ಪ್ರದೇಶದಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ವಿದ್ಯಾರ್ಥಿಯ ಮುಖ್ಯ ಸಾಧನ ಇಂದು ಕ್ಯಾಮೆರಾ. ಮಗ್ಗದ ಭಾಗಗಳು, ಮನೆಯ ಹಳೆಯ ಲೆಕ್ಕದ ಪುಸ್ತಕಗಳು, ವೀರಗಲ್ಲುಗಳು, ವಿಜಯದಶಮಿಯಂದು ಕೊಯಮತ್ತೂರಿನ ದೇವಾಂಗರು ಚೌಡೇಶ್ವರಿಗೆ ಸಲ್ಲಿಸುವ ಅಲಗುಸೇವೆ, ಹೀಗೆ ನಾಲ್ಕು ದಿನಗಳಲ್ಲಿ ಮೂರು ಸಾವಿರ ಚಿತ್ರಗಳು ಸೇರುವುದು ಕಷ್ಟವಲ್ಲ. ಅವುಗಳನ್ನು ವಿಂಗಡಿಸಿ ವಿವರಣೆ ಬರೆಯಲು ಡಿಜಿಕ್ಯಾಮ್, ಶಾಟ್‌ವೆಲ್ ಮೊದಲಾದ ಚಿತ್ರನಿರ್ವಹಣಾ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ತೊಂದರೆ ಕಾಣಿಸಿಕೊಳ್ಳುವುದು ಇಲ್ಲಿಯೇ. ಚಿತ್ರಗಳನ್ನು ತಂತ್ರಾಂಶಕ್ಕೆ ಸೇರಿಸಿದ ಸ್ವಲ್ಪ ಹೊತ್ತಿಗೆ ಗಣಕ ನಿಧಾನವಾಗುತ್ತದೆ, ಮೌಸ್ ತಡವರಿಸುತ್ತದೆ, ಕೊನೆಗೆ ತಂತ್ರಾಂಶ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ‘ಮೆಮೊರಿ ತುಂಬಿದೆ’ ಎಂದುಕೊಂಡ ವಿದ್ಯಾರ್ಥಿಯು ಚಿತ್ರಗಳನ್ನು ಅಳಿಸಲು ಅಥವಾ ಅವುಗಳ ಗಾತ್ರ ಕುಗ್ಗಿಸಲು ತೊಡಗುತ್ತಾನೆ. ಸವೆದ ಕಲ್ಲಿನ ಮೇಲೆ ಒತ್ತಕ್ಷರವೋ ಬರಿಯ ಗೀರೋ ಎಂದು ನಿರ್ಧರಿಸಲು ನೆರವಾಗುತ್ತಿದ್ದ ಸೂಕ್ಷ್ಮ ವಿವರ ಆಗ ಶಾಶ್ವತವಾಗಿ ನಷ್ಟವಾಗುತ್ತದೆ. ತಂತ್ರಾಂಶದ ತೊಂದರೆಯಂತೂ ಬಹಳಷ್ಟು ಸಲ ಹಾಗೆಯೇ ಉಳಿಯುತ್ತದೆ. ರೋಗನಿರ್ಣಯ ತಪ್ಪಿದಲ್ಲಿ ಚಿಕಿತ್ಸೆಯೇ ಅಪಾಯವಾಗುವುದಕ್ಕೆ ಇದೊಂದು ನಿದರ್ಶನ. ಆದುದರಿಂದ ಕಾರಣವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಇಲ್ಲಿ ನೋಡೋಣ.

ಒಂದು ಪದ, ಎರಡು ಅರ್ಥ

ಗೊಂದಲದ ಮೂಲ ‘ಮೆಮೊರಿ’ ಎಂಬ ಪದದಲ್ಲಿಯೇ ಇದೆ. ಆಡುಮಾತಿನಲ್ಲಿ ಈ ಒಂದೇ ಪದ ಎರಡು ಭಿನ್ನ ವಸ್ತುಗಳನ್ನು ಸೂಚಿಸುತ್ತದೆ. ಮೊದಲನೆಯದು ಚಿತ್ರಗಳು ನೆಲೆಯಾಗಿ ಉಳಿಯುವ ಡಿಸ್ಕ್. ವಿದ್ಯುತ್ ಹೋದರೂ ಅದರಲ್ಲಿರುವುದು ಅಳಿಯುವುದಿಲ್ಲ. ಎರಡನೆಯದು ಕೆಲಸ ನಡೆಯುವಾಗ ಮಾತ್ರ ಬಳಕೆಯಾಗುವ ರ್‍ಯಾಮ್. ಗಣಕವನ್ನು ನಿಲ್ಲಿಸಿದೊಡನೆ ಅದು ಬರಿದಾಗುತ್ತದೆ. ಡಿಸ್ಕ್ ಕಣಜವಾದರೆ ರ್‍ಯಾಮ್ ಕಣ. ಕಣ ಇಕ್ಕಟ್ಟಾಯಿತೆಂದು ಕಣಜದ ಕಾಳನ್ನು ಚೆಲ್ಲುವ ರೈತನಿಲ್ಲ. ತಂತ್ರಾಂಶ ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ ರ್‍ಯಾಮ್ ಸಾಲದೆ; ಆಗ ಡಿಸ್ಕಿನಿಂದ ಚಿತ್ರ ಅಳಿಸುವುದು ಪರಿಹಾರವಲ್ಲ.

ಲಡಿ ಮತ್ತು ಹಾಸು

‘ನನ್ನ ಚಿತ್ರಗಳೆಲ್ಲ ಸಣ್ಣ ಕಡತಗಳು, ಅಷ್ಟು ರ್‍ಯಾಮ್ ಏಕೆ ಬೇಕು?’ ಎಂಬ ಪ್ರಶ್ನೆ ಸಹಜ. ಉತ್ತರವನ್ನು ನೇಕಾರರ ಬೀದಿಯಲ್ಲಿ ಕಾಣಬಹುದು. ನೂಲಿನ ಲಡಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದೇ ನೂಲನ್ನು ಹಾಸಾಗಿ ಬಿಡಿಸಿ ಗಂಜಿ ಹಾಕಲು ಹಿಡಿದಾಗ ಬೀದಿಯುದ್ದದ ಜಾಗ ಬೇಕು. ಜೆಪೆಗ್ ಕಡತವು ಸುತ್ತಿಟ್ಟ ಲಡಿಯಂತೆ. ಪರದೆಯ ಮೇಲೆ ತೆರೆದ ಚಿತ್ರವು ಬಿಡಿಸಿದ ಹಾಸಿನಂತೆ.

ಲೆಕ್ಕ ಹಾಕಿ ನೋಡೋಣ. 12 ಮೆಗಾಪಿಕ್ಸೆಲ್ ಚಿತ್ರವೆಂದರೆ ಅಡ್ಡಕ್ಕೆ 4,000, ಉದ್ದಕ್ಕೆ 3,000 ಬಿಂದುಗಳು. ಒಟ್ಟು 1 ಕೋಟಿ 20 ಲಕ್ಷ ಬಿಂದುಗಳು. ಪ್ರತಿ ಬಿಂದುವಿನ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್, ಪಾರದರ್ಶಕತೆಗೆ ಇನ್ನೊಂದು ಬೈಟ್ ಎಂದರೆ ಒಟ್ಟು 48 ಎಂಬಿ. ಡಿಸ್ಕಿನಲ್ಲಿ ಈ ಕಡತ 4 ಎಂಬಿ ಇದ್ದರೂ ತೆರೆದಾಗ ಹನ್ನೆರಡು ಪಟ್ಟು ಹಿಗ್ಗಿತು. ಬಣ್ಣಕ್ಕೆ ಎರಡು ಬೈಟ್‌ಗಳಂತೆ, ಅಂದರೆ 16 ಬಿಟ್‌ನಲ್ಲಿ ತೆರೆದರೆ 96 ಎಂಬಿ. ಇತ್ತೀಚಿನ ಫೋನುಗಳ 50 ಮೆಗಾಪಿಕ್ಸೆಲ್ ಚಿತ್ರಕ್ಕೆ ನಾಲ್ಕು ಬೈಟ್‌ಗಳ ಲೆಕ್ಕದಲ್ಲಿಯೇ 200 ಎಂಬಿ ಬೇಕು. ತಂತ್ರಾಂಶವು ಎಂಟು ಚಿತ್ರಗಳನ್ನು ಏಕಕಾಲದಲ್ಲಿ ಬಿಡಿಸಿಕೊಂಡರೆ 1,600 ಎಂಬಿ. 4 ಜಿಬಿ ರ್‍ಯಾಮ್ ಇರುವ ಗಣಕದಲ್ಲಿ, ಕಾರ್ಯಾಚರಣ ವ್ಯವಸ್ಥೆ ಮತ್ತು ಬ್ರೌಸರ್ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ, ಇಷ್ಟು ಜಾಗ ಸಿಗುವುದು ದುರ್ಲಭ.

ಪಟ್ಟಿಯಲ್ಲಿ ಕಾಣುವ ಪುಟ್ಟ ಪ್ರತಿಗಳಿಗೂ, ಅಂದರೆ ಥಂಬ್‌ನೇಲ್‌ಗಳಿಗೂ, ಲೆಕ್ಕವಿದೆ. ಅಡ್ಡ ಉದ್ದ 256 ಬಿಂದುಗಳ ಒಂದು ಥಂಬ್‌ನೇಲ್‌ಗೆ 256 ಕೆಬಿ. ಅಂತಹ 4,096 ಪ್ರತಿಗಳನ್ನು ತಂತ್ರಾಂಶ ಒಟ್ಟಿಗೆ ಹಿಡಿದಿಟ್ಟುಕೊಂಡರೆ ಸರಿಯಾಗಿ 1 ಜಿಬಿ.

ಮೊದಲು ಅಳತೆ, ಆಮೇಲೆ ಊಹೆ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಲಿನಕ್ಸ್‌ನಲ್ಲಿ ಸಿಸ್ಟಮ್ ಮಾನಿಟರ್ ಅಥವಾ ‘ಟಾಪ್’ ಆದೇಶವನ್ನು ಬಳಸಬಹುದು. ‘ಟಾಪ್’ ಪಟ್ಟಿಯಲ್ಲಿ ‘ವರ್ಟ್’ ಮತ್ತು ‘ರೆಸ್’ ಎಂಬ ಎರಡು ಅಂಕಣಗಳಿವೆ. ಮೊದಲನೆಯದು ತಂತ್ರಾಂಶ ಕಾಯ್ದಿರಿಸಿದ ವಿಳಾಸಗಳ ವಿಸ್ತಾರ. ಎರಡನೆಯದು ಅದು ನಿಜವಾಗಿ ಆಕ್ರಮಿಸಿದ ರ್‍ಯಾಮ್. ಮೊದಲಿನದು ದೊಡ್ಡದಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ನಾವು ನೋಡಬೇಕಾದುದು ಎರಡನೆಯದನ್ನು. ಹಾಗೆಯೇ ಲಿನಕ್ಸ್ ತಾನು ಓದಿದ ಕಡತಗಳನ್ನು ಖಾಲಿ ರ್‍ಯಾಮ್‌ನಲ್ಲಿ ಇರಿಸಿಕೊಂಡು, ಬೇರೆ ಕೆಲಸಕ್ಕೆ ಅಗತ್ಯ ಬಿದ್ದೊಡನೆ ಬಿಟ್ಟುಕೊಡುತ್ತದೆ. ಆದ್ದರಿಂದ ‘ಫ್ರೀ’ ಎಂಬ ಅಂಕಿಯನ್ನು ಬಿಟ್ಟು ‘ಅವೈಲಬಲ್’ ಎಂಬ ಅಂಕಿಯನ್ನು ಗಮನಿಸಬೇಕು.

ಅಳತೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು: ತಂತ್ರಾಂಶ ತೆರೆದೊಡನೆ ಎಷ್ಟು, ಚಿತ್ರಕೋಶವೊಂದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ ಮೇಲೆ ಎಷ್ಟು, ಏನೂ ಮಾಡದೆ ಹತ್ತು ನಿಮಿಷ ಬಿಟ್ಟ ಮೇಲೆ ಎಷ್ಟು.

ಸಂಚಯವೋ ಸೋರಿಕೆಯೋ

ಒಮ್ಮೆ ತೋರಿಸಿದ ಚಿತ್ರವನ್ನು ಮತ್ತೆ ಬೇಗ ತೋರಿಸಲು ತಂತ್ರಾಂಶವು ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುವುದು ಉದ್ದೇಶಪೂರ್ವಕ. ಇದನ್ನು ಸಂಚಯ ಎನ್ನೋಣ. ಬಳಸಿ ಮುಗಿದ ಜಾಗವನ್ನು ಹಿಂತಿರುಗಿಸಲು ಮರೆಯುವುದು ದೋಷ, ಅದು ಸೋರಿಕೆ. ಎರಡನ್ನೂ ಬೇರ್ಪಡಿಸಲು ಸರಳ ಪರೀಕ್ಷೆಯಿದೆ. ಒಂದೇ ಚಿತ್ರಕೋಶವನ್ನು ಮೂರು ಬಾರಿ ಪೂರ್ತಿಯಾಗಿ ನೋಡಿ, ಪ್ರತಿ ಬಾರಿಯೂ ಅಳೆಯಬೇಕು. ಮೊದಲ ಸುತ್ತಿನಲ್ಲಿ ಏರಿ, ಉಳಿದ ಎರಡು ಸುತ್ತುಗಳಲ್ಲಿ ಬಹುತೇಕ ಅಲ್ಲಿಯೇ ನಿಂತರೆ ಅದು ಸಂಚಯ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಏರುತ್ತಿದ್ದರೆ ಸೋರಿಕೆಯ ಶಂಕೆ ಬಲವಾಗುತ್ತದೆ.

ಸೋರಿಕೆಯನ್ನು ಬಳಕೆದಾರ ರಿಪೇರಿ ಮಾಡಲಾರ. ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಕೆಲಸವನ್ನು ಕಂತುಗಳಾಗಿ ವಿಭಜಿಸಿ, ಪ್ರತಿ ಕಂತಿನ ನಂತರ ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಡಿಜಿಕ್ಯಾಮ್‌ನಂತಹ ಮುಕ್ತ ತಂತ್ರಾಂಶವಾದರೆ ಕೆಡಿಇ ಯೋಜನೆಯ ದೋಷನೋಂದಣಿಯಲ್ಲಿ ವರದಿ ಸಲ್ಲಿಸಬಹುದು. ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ, ಮಾಡಿದ ಕ್ರಿಯೆಗಳ ಕ್ರಮ, ಬರೆದಿಟ್ಟ ಅಳತೆಗಳು, ಈ ನಾಲ್ಕೂ ಇದ್ದರೆ ವರದಿಗೆ ಬೆಲೆ ಬರುತ್ತದೆ.

ಕಾರಣ ಹುಡುಕುವ ಕ್ರಮ

ಗ್ರಂಥಸಂಪಾದನೆಯ ಪಾಠದಲ್ಲಿ ನಾವು ಕಲಿತ ವಿವೇಕವೊಂದು ಇಲ್ಲಿಯೂ ಸಲ್ಲುತ್ತದೆ. ಅನೇಕ ಪಾಠಗಳನ್ನು ಒಮ್ಮೆಗೇ ತಿದ್ದಿದರೆ ಯಾವ ತಿದ್ದುಪಡಿಯಿಂದ ಅರ್ಥ ಸರಿಹೋಯಿತೆಂದು ತಿಳಿಯುವುದಿಲ್ಲ. ಹಾಗೆಯೇ ಇಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅಳೆಯಬೇಕು.

ಮೊದಲನೆಯದಾಗಿ, ಹಿನ್ನೆಲೆಯ ಕೆಲಸಗಳನ್ನು ನಿಲ್ಲಿಸಿ ನೋಡಬೇಕು. ಮುಖಗಳನ್ನು ಗುರುತಿಸುವುದು, ಒಂದೇ ರೀತಿಯ ಚಿತ್ರಗಳನ್ನು ಹುಡುಕುವುದು, ಚಿತ್ರದ ಗುಣಮಟ್ಟ ಅಳೆಯುವುದು, ಇವು ಭಾರವಾದ ಕೆಲಸಗಳು. ಅಲಗುಸೇವೆಯಂತಹ ಸಂದರ್ಭದಲ್ಲಿ ಒಂದೇ ಸಮನೆ ಕ್ಲಿಕ್ಕಿಸಿದ ನೂರಾರು ಚಿತ್ರಗಳಲ್ಲಿ ನೂರಾರು ಮುಖಗಳಿರುತ್ತವೆ. ಅವುಗಳನ್ನೆಲ್ಲ ಪರಿಶೀಲಿಸಲು ಹೊರಟ ತಂತ್ರಾಂಶ ಏದುಸಿರು ಬಿಡುವುದು ಸಹಜ. ಡಿಜಿಕ್ಯಾಮ್‌ನ ನಿರ್ವಹಣಾ ವಿಭಾಗದಲ್ಲಿ ಸಂಸ್ಕಾರಕದ ಎಲ್ಲ ಕೋರ್‌ಗಳನ್ನೂ ಬಳಸುವ ಆಯ್ಕೆಯಿದೆ. ರ್‍ಯಾಮ್ ಕಡಿಮೆಯಿದ್ದಲ್ಲಿ ಅದನ್ನು ತೆಗೆಯುವುದು ಲೇಸು: ಕೆಲಸ ನಿಧಾನವಾದರೂ, ಏಕಕಾಲದಲ್ಲಿ ಬಿಡಿಸಿಡುವ ಹಾಸುಗಳ ಸಂಖ್ಯೆ ಇಳಿಯುತ್ತದೆ.

ಎರಡನೆಯದಾಗಿ, ಮುನ್ನೋಟದ ಆಯ್ಕೆಯನ್ನು ನೋಡಬೇಕು. ಪೂರ್ಣ ಗಾತ್ರದ ಚಿತ್ರದ ಬದಲು ಸಣ್ಣ ಮುನ್ನೋಟ ತೋರಿಸುವ ಆಯ್ಕೆಯನ್ನು ಆರಿಸಿ, ಥಂಬ್‌ನೇಲ್ ಗಾತ್ರವನ್ನೂ ತಗ್ಗಿಸಿದರೆ ಸಾಕಷ್ಟು ಹಗುರವಾಗುತ್ತದೆ. ಇದರಿಂದ ಬದಲಾಗುವುದು ನೋಟ ಮಾತ್ರ. ಮೂಲ ಕಡತಕ್ಕೆ ಧಕ್ಕೆಯಿಲ್ಲ.

ಮೂರನೆಯದಾಗಿ, ನಿರ್ದಿಷ್ಟ ಕಡತವೊಂದು ಕಾರಣವೇ ಎಂದು ನೋಡಬೇಕು. ಹಲವು ಚಿತ್ರಗಳನ್ನು ಜೋಡಿಸಿ ಮಾಡಿದ ಅಗಲವಾದ ಚಿತ್ರ, ದೊಡ್ಡ ಟಿಫ್ ಕಡತ, ಅಥವಾ ಮೆಮೊರಿ ಕಾರ್ಡಿನಿಂದ ನಕಲಿಸುವಾಗ ಕೆಟ್ಟುಹೋದ ಕಡತ, ಇವುಗಳಲ್ಲಿ ಒಂದೇ ಸಾಕು ತಂತ್ರಾಂಶವನ್ನು ಕೆಡವಲು. ಹುಡುಕುವುದು ಹೇಗೆ? ಸಂಗ್ರಹದ ಪ್ರತಿಯೊಂದನ್ನು ಮಾಡಿಕೊಂಡು ಅದನ್ನು ಎರಡು ಭಾಗ ಮಾಡಿ. ಒಂದು ಭಾಗವನ್ನು ಮಾತ್ರ ತೆರೆಯಿರಿ. ತೊಂದರೆ ಕಂಡರೆ ಆ ಭಾಗವನ್ನು, ಕಾಣದಿದ್ದರೆ ಇನ್ನೊಂದನ್ನು, ಮತ್ತೆ ಎರಡಾಗಿ ಒಡೆಯಿರಿ. ತಪ್ಪಿತಸ್ಥ ಕಡತ ಒಂದೇ ಆಗಿದ್ದರೆ ಮೂರು ಸಾವಿರ ಚಿತ್ರಗಳ ನಡುವೆಯೂ ಹೆಚ್ಚೆಂದರೆ ಹನ್ನೆರಡು ಸಲ ಒಡೆಯುವುದರಲ್ಲಿ ಅದು ಸಿಕ್ಕುತ್ತದೆ.

ನಾಲ್ಕನೆಯದಾಗಿ, ಸಂಗ್ರಹದ ವ್ಯಾಪ್ತಿ. ತಂತ್ರಾಂಶಕ್ಕೆ ಇಡೀ ಡಿಸ್ಕನ್ನೇ ಒಪ್ಪಿಸಿದ್ದರೆ ಸಿನಿಮಾ, ಹಾಡು, ಪರದೆಚಿತ್ರಗಳೆಲ್ಲ ಅದರ ಪಾಲಾಗುತ್ತವೆ. ಕ್ಷೇತ್ರಕಾರ್ಯದ ಚಿತ್ರಗಳಿಗೆ ಪ್ರತ್ಯೇಕ ಕೋಶ ಮಾಡಿ, ಊರು ಮತ್ತು ದಿನಾಂಕದ ಪ್ರಕಾರ ಉಪಕೋಶಗಳನ್ನು ಇಟ್ಟು, ಅದನ್ನು ಮಾತ್ರ ತೋರಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ರ್‍ಯಾಮ್ ಸಾಲದಿದ್ದರೆ ಮಾತ್ರ ಅದನ್ನು ಹೆಚ್ಚಿಸುವ ಯೋಚನೆ ಮಾಡಬೇಕು. ಡಿಸ್ಕಿನ ಒಂದು ಭಾಗವನ್ನು ರ್‍ಯಾಮ್‌ನಂತೆ ಬಳಸುವ ವ್ಯವಸ್ಥೆಯೂ ಉಂಟು. ಆದರೆ ಡಿಸ್ಕ್ ಬಹಳ ನಿಧಾನವಾದ್ದರಿಂದ ಗಣಕ ತೆವಳುತ್ತದೆ.

ವಿವರಣೆ ಎಲ್ಲಿ ಉಳಿಯುತ್ತದೆ?

ನಮ್ಮ ಶಿಸ್ತಿಗೆ ಬಹು ಮುಖ್ಯವಾದ ಪ್ರಶ್ನೆ ಇದು. ಮಗ್ಗದ ಒಂದು ಕಟ್ಟಿಗೆಯ ಚಿತ್ರವನ್ನು ಮತ್ತೊಮ್ಮೆ ತೆಗೆಯಬಹುದು. ಆ ಕಟ್ಟಿಗೆಗೆ ಮನೆಯ ಹಿರಿಯರು ಹೇಳಿದ ಕನ್ನಡದ ಹೆಸರು, ಅದನ್ನು ಹೇಳಿದ ಊರು, ಅದೇ ಮನೆಯವರು ಅದನ್ನು ತಮಿಳು ಲಿಪಿಯಲ್ಲಿ ಬರೆದ ರೀತಿ, ಇವು ಚಿತ್ರದಲ್ಲಿ ಕಾಣುವುದಿಲ್ಲ. ವಿವರಣೆಯಲ್ಲಿ ಮಾತ್ರ ಇರುತ್ತವೆ. ಲಿಪಿಯ ಆಸರೆಯಿಲ್ಲದೆ ಬಾಯಿಂದ ಬಾಯಿಗೆ ಉಳಿದು ಬಂದ ಮಾತಿಗೆ ಅದೇ ಲಿಖಿತ ಆಧಾರ.

ರ್‍ಯಾಮ್ ಪೂರ್ತಿ ತೀರಿದಾಗ ಲಿನಕ್ಸ್ ವ್ಯವಸ್ಥೆಯು ಅತಿಯಾಗಿ ಬಳಸುತ್ತಿರುವ ತಂತ್ರಾಂಶವನ್ನು ಒಮ್ಮೆಲೇ ಕೊನೆಗಾಣಿಸಬಹುದು. ಉಳಿಸಲು ಅವಕಾಶ ಕೊಡುವುದಿಲ್ಲ. ಬೆರಳಚ್ಚು ಮಾಡುತ್ತಿದ್ದ ವಿವರಣೆ ಅಲ್ಲಿಗೆ ಹೋಯಿತು. ಇನ್ನೊಂದು ಅಪಾಯವೂ ಇದೆ. ವಿವರಣೆಗಳು ಚಿತ್ರದ ಕಡತಕ್ಕೆ ಸೇರದೆ ತಂತ್ರಾಂಶದ ದತ್ತಸಂಚಯದಲ್ಲಿ ಮಾತ್ರ ಇರುವ ಸಂಭವವುಂಟು. ಡಿಜಿಕ್ಯಾಮ್ ಸಾಮಾನ್ಯ ಸ್ಥಿತಿಯಲ್ಲಿ ಎಸ್‌ಕ್ಯೂಲೈಟ್ ದತ್ತಸಂಚಯವನ್ನು ಬಳಸುತ್ತದೆ. ವಿವರಣೆಗಳಿಗೆ ಒಂದು ಕಡತ, ಥಂಬ್‌ನೇಲ್‌ಗಳಿಗೆ ಬೇರೊಂದು ಕಡತ. ಥಂಬ್‌ನೇಲ್ ಕಡತವನ್ನು ಅಳಿಸಿದರೆ ತಂತ್ರಾಂಶ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಜಾಗ ಉಳಿಸುವ ಆತುರದಲ್ಲಿ ವಿವರಣೆಯ ಕಡತವನ್ನು ಅಳಿಸಿದರೆ ಅದನ್ನು ಮತ್ತೆ ಕಟ್ಟಿಕೊಡುವವರು ಯಾರೂ ಇಲ್ಲ.

ಆದ್ದರಿಂದ ಮೇಲಿನ ಯಾವ ಪರೀಕ್ಷೆಗೂ ಮುನ್ನ ಮೂರು ಕೆಲಸಗಳು ಮುಗಿದಿರಬೇಕು. ಒಂದು, ಮೂಲ ಚಿತ್ರಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿರಬೇಕು. ಎರಡು, ದತ್ತಸಂಚಯದ ಪ್ರತಿಯೂ ಜೊತೆಗಿರಬೇಕು. ಮೂರು, ಮೆಟಾಡೇಟಾ ಆಯ್ಕೆಗಳಲ್ಲಿ ವಿವರಣೆಯನ್ನು ಚಿತ್ರದ ಕಡತದೊಳಗೆ ಅಥವಾ ಪಕ್ಕದ ಎಕ್ಸ್‌ಎಂಪಿ ಕಡತದಲ್ಲಿ ಬರೆಯುವಂತೆ ಹೇಳಿರಬೇಕು. ಕನ್ನಡ ಮತ್ತು ತಮಿಳು ಲಿಪಿಗಳೆರಡೂ ಯುನಿಕೋಡ್‌ನಲ್ಲಿರುವುದರಿಂದ ಎರಡನ್ನೂ ಒಂದೇ ವಿವರಣೆಯಲ್ಲಿ ಬರೆಯಲು ಅಡ್ಡಿಯಿಲ್ಲ. ಹೀಗೆ ಮಾಡಿದರೆ ನಾಳೆ ಈ ತಂತ್ರಾಂಶವೇ ಬಳಕೆಯಿಂದ ಮರೆಯಾದರೂ ಮಾತು ಚಿತ್ರದೊಡನೆ ಉಳಿಯುತ್ತದೆ.

ಅಭ್ಯಾಸಕ್ಕೆ

1. 24 ಮೆಗಾಪಿಕ್ಸೆಲ್ ಚಿತ್ರವೊಂದನ್ನು ಪ್ರತಿ ಬಿಂದುವಿಗೆ ನಾಲ್ಕು ಬೈಟ್‌ಗಳಂತೆ ತೆರೆದರೆ ಎಷ್ಟು ರ್‍ಯಾಮ್ ಬೇಕು? ಅಂತಹ ಆರು ಚಿತ್ರಗಳು ಏಕಕಾಲದಲ್ಲಿ ತೆರೆದಿದ್ದರೆ?

2. ನಿಮ್ಮ ಚಿತ್ರಸಂಗ್ರಹದ ಒಂದು ಕೋಶವನ್ನು ಮೂರು ಸುತ್ತು ನೋಡಿ, ಪ್ರತಿ ಸುತ್ತಿನ ಅಳತೆಯನ್ನು ಬರೆದು, ಅದು ಸಂಚಯವೋ ಸೋರಿಕೆಯೋ ಎಂದು ಕಾರಣಸಹಿತ ನಿರ್ಣಯಿಸಿ.

3. ನೀವು ವಿವರಣೆ ಬರೆದ ಒಂದು ಚಿತ್ರವನ್ನು, ಎಕ್ಸ್‌ಎಂಪಿ ಕಡತವಿದ್ದರೆ ಅದರೊಡನೆ, ಮತ್ತೊಂದು ಗಣಕಕ್ಕೆ ನಕಲಿಸಿ ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ವಿವರಣೆ ಕಾಣುತ್ತದೆಯೇ? ಕಾಣದಿದ್ದರೆ ಅದು ಎಲ್ಲಿ ಉಳಿದಿದೆ ಎಂದು ಪತ್ತೆಮಾಡಿ.