ದುಡಿಯುವವರಿಗೆ ದೂರಶಿಕ್ಷಣ: ದಾರಿ ಮತ್ತು ಎಚ್ಚರ

ವಿದ್ಯೆಗೆ ವಯಸ್ಸಿನ ಮೇರೆಯಿಲ್ಲವೆಂದು ಹಿರಿಯರು ಹೇಳುತ್ತಾರೆ. ಆದರೆ ದುಡಿಯುವವನಿಗೆ ವೇಳೆಯ ಮೇರೆಯುಂಟು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದ ಕಾರ್ಮಿಕನಾಗಲಿ, ಅಮರಗೋಳದ ಪೇಟೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಲಿ, ಅಂಗನವಾಡಿಯ ಕಾರ್ಯಕರ್ತೆಯಾಗಲಿ ಹಗಲು ಕಾಲೇಜಿಗೆ ಹೋಗಲಾರರು. ಇಂಥವರ ಮನೆಬಾಗಿಲಿಗೆ ಪಾಠವನ್ನು ಒಯ್ಯುವ ವ್ಯವಸ್ಥೆಯೇ ದೂರಶಿಕ್ಷಣ.

ನಮ್ಮ ನಾಡಿಗೆ ಇದು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ-ತೆರಪಿನ ಶಿಕ್ಷಣವನ್ನು ಆರಂಭಿಸಿತು. ಆ ಬುನಾದಿಯ ಮೇಲೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಮೈಸೂರಿನಲ್ಲಿ ಸ್ಥಾಪಿತವಾಯಿತು. ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಕಲಾ ವಿಷಯಗಳನ್ನು ಕನ್ನಡದಲ್ಲಿಯೇ ಓದಿ ಬರೆಯಬಹುದೆಂಬುದು ಇದರ ದೊಡ್ಡ ಅನುಕೂಲ. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪಾಠಗಳು ಬಹುಮಟ್ಟಿಗೆ ಇಂಗ್ಲಿಷ್ ಹಿಂದಿಗಳಲ್ಲಿವೆ. ಆದರೆ ಮೂರು ವರ್ಷದ ಪದವಿಯನ್ನು ಆರು ವರ್ಷಗಳವರೆಗೆ ಮುಗಿಸಲು ಅಲ್ಲಿ ಅವಕಾಶವುಂಟು. ಹತ್ತನೆಯ ತರಗತಿಯನ್ನೇ ದಾಟದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ ಕೂಡಬಹುದು. ಅದಕ್ಕೆ ಗರಿಷ್ಠ ವಯೋಮಿತಿಯಿಲ್ಲ.

ಇನ್ನು ಎಚ್ಚರದ ಮಾತು. ಪದವಿಯ ಬೆಲೆ ಮಾನ್ಯತೆಯಲ್ಲಿದೆ. 2015ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು, ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ತರುವಾಯ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ರಾಜ್ಯದ ಎಲ್ಲೆಯಾಚೆ ಖಾಸಗಿ ಸಂಸ್ಥೆಗಳ ಮೂಲಕ ಶಿಕ್ಷಣ ನಡೆಸಿದುದು ಮುಖ್ಯ ಆಕ್ಷೇಪವಾಗಿತ್ತು. ಇದರಿಂದ ಪ್ರಾಮಾಣಿಕವಾಗಿ ಓದಿದವರೂ ತೊಳಲಿದರು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ಆದುದರಿಂದ ಶುಲ್ಕ ಕಟ್ಟುವ ಮುನ್ನ, ಆ ಸಂಸ್ಥೆಗೆ, ಆ ವಿಷಯಕ್ಕೆ, ಆ ವರ್ಷಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಸ್ವತಃ ನೋಡತಕ್ಕದ್ದು. ದಲ್ಲಾಳಿಯ ಮಾತು ಸಾಲದು. ಎಂಜಿನಿಯರಿಂಗ್, ವೈದ್ಯಕೀಯ, ಶುಶ್ರೂಷೆ, ಕಾನೂನು ಮೊದಲಾದ ಪದವಿಗಳಿಗೆ ದೂರಶಿಕ್ಷಣದ ಅನುಮತಿಯೇ ಇಲ್ಲ, ಕೊಡಿಸುವೆನೆಂಬವನನ್ನು ನಂಬಲಾಗದು.

ಎರಡನೆಯ ಎಚ್ಚರ ನಮ್ಮ ಕುರಿತಾದುದು. ಮನೆಯಲ್ಲಿ ಓದುವುದೆಂದರೆ ಸುಲಭವಾಗಿ ಓದುವುದೆಂದಲ್ಲ. ಒಂದು ಕ್ರೆಡಿಟ್ಟಿಗೆ ಮೂವತ್ತು ಗಂಟೆಗಳ ಅಧ್ಯಯನವೆಂಬುದು ಮುಕ್ತ ವಿಶ್ವವಿದ್ಯಾಲಯಗಳ ಲೆಕ್ಕ. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ ನೂರಿಪ್ಪತ್ತು ಗಂಟೆ. ದಿನಕ್ಕೊಂದು ಗಂಟೆ ಓದಿದರೆ ನಾಲ್ಕು ತಿಂಗಳು. ಸಿದ್ಧಪಾಠಗಳನ್ನು ಓದಿ, ನಿಬಂಧಗಳನ್ನು ಸ್ವಂತ ಮಾತಿನಲ್ಲಿ ಬರೆದು, ಸಂಪರ್ಕ ತರಗತಿಗಳಲ್ಲಿ ಸಂದೇಹ ಪರಿಹರಿಸಿಕೊಂಡವನಿಗೆ ಪರೀಕ್ಷೆ ಭಾರವಾಗದು. ಗುರು ದೂರವಿರುವಲ್ಲಿ ನಿಯಮವೇ ಗುರು.

ಕಾಯಕದಲ್ಲಿ ತೊಡಗಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇದನ್ನು ಮನಗಾಣಲಿ. ಮಕ್ಕಳ ಎದುರಿನಲ್ಲಿ ತಾಯಿತಂದೆಗಳು ಪುಸ್ತಕ ಹಿಡಿದು ಕುಳಿತರೆ, ಅದು ಆ ಮನೆಯ ಎರಡು ತಲೆಮಾರಿಗೆ ಪಾಠವಾದೀತು.