ಈ-ಕಡತ ಐವತ್ತು ವರ್ಷ ಬಾಳಬೇಕೆಂದರೆ

ಪ್ರಶ್ನೆ: ನಮ್ಮ ಅಜ್ಜನ ಕಾಲದ ಕೈಬರಹದ ಪಹಣಿ, ಕಂದಾಯದ ರಸೀದಿಗಳು ಮನೆಯ ಟ್ರಂಕಿನಲ್ಲಿ ಇವತ್ತಿಗೂ ಓದುವ ಸ್ಥಿತಿಯಲ್ಲಿವೆ. ಈಗ ಸರ್ಕಾರದ ಕೆಲಸ ಹೆಚ್ಚಾಗಿ ಈ-ಆಫೀಸಿನಲ್ಲೇ ನಡೆಯುತ್ತದೆ, ಕಾಗದವೇ ಇಲ್ಲ ಎನ್ನುತ್ತಾರೆ. ಆ ಕಡತಗಳು ಐವತ್ತು ವರ್ಷದ ಮೇಲೆ ನನ್ನ ಮೊಮ್ಮಕ್ಕಳಿಗೆ ಸಿಗುತ್ತವೆಯೇ? ಸರ್ವರಿನಲ್ಲಿ ಇದ್ದೇ ಇರುತ್ತವಲ್ಲ, ಮತ್ತೆ ಪತ್ರಾಗಾರಕ್ಕೆ ಏಕೆ ಕಳಿಸಬೇಕು? ಹೇಗೆ ಕಳಿಸುತ್ತಾರೆ?
— ಓದುಗರೊಬ್ಬರು, ತಿಪಟೂರು

ಉತ್ತರ: ಸಿಗುವಂತೆ ಮಾಡಬಹುದು, ತಾವಾಗಿ ಸಿಗುವುದಿಲ್ಲ. ನಿಮ್ಮ ಅಜ್ಜನ ಪಹಣಿಯನ್ನು ಐವತ್ತು ವರ್ಷ ಯಾರೂ ಮುಟ್ಟದಿದ್ದರೂ ಗೆದ್ದಲು ಹಿಡಿಯದಿದ್ದರೆ, ನೀರು ತಾಕದಿದ್ದರೆ ಅದು ಉಳಿದುಕೊಳ್ಳುತ್ತದೆ. ಈ-ಕಡತವನ್ನು ಹತ್ತು ವರ್ಷ ಹಾಗೆ ಬಿಟ್ಟರೆ ಅದು ಇದೆಯೋ ಹೋಯಿತೋ ಎಂದು ಹೇಳುವುದೇ ಕಷ್ಟ. ಕಾಗದ ಮರೆವನ್ನು ತಡೆದುಕೊಳ್ಳುತ್ತದೆ, ಕಂಪ್ಯೂಟರಿನ ದಾಖಲೆ ತಡೆದುಕೊಳ್ಳುವುದಿಲ್ಲ. ಆದ್ದರಿಂದ ದಾಖಲೆ ಕಾಯುವುದೇ ಕಸುಬಾಗಿರುವವರ ಕೈಗೆ ಅದನ್ನು ಲೆಕ್ಕ ಒಪ್ಪಿಸಿದ ಹಾಗೆ ಒಪ್ಪಿಸಬೇಕು. ಪತ್ರಾಗಾರಕ್ಕೆ ವರ್ಗಾಯಿಸುವುದೆಂದರೆ ಫೈಲಿನ ಜೊತೆಗೆ ಅದರ ಹೊಣೆಯೂ ಕೈ ಬದಲಾಯಿಸುವುದು.

‘ಕಡತ’ ಎಂಬ ಮಾತನ್ನೇ ನೋಡಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕಕ್ಕೆ ಹಿಂದೆ ಆ ಹೆಸರಿತ್ತು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದರಿಂದ ದಿನದ ಲೆಕ್ಕಕ್ಕೆ ಅದು ಅನುಕೂಲ. ಭೂದಾನದಂಥ ಸಂಗತಿ ತಲೆಮಾರುಗಳವರೆಗೆ ನಿಲ್ಲಬೇಕಾದಾಗ ಮಾತ್ರ ತಾಮ್ರಪಟ ಬರೆಸುತ್ತಿದ್ದರು. ಹಲಗೆಗಳಿಗೆ ತೂತು ಕೊರೆದು ಉಂಗುರ ಪೋಣಿಸಿ, ಉಂಗುರದ ತುದಿಗಳು ಕೂಡುವಲ್ಲಿ ರಾಜಮುದ್ರೆ ಬೆಸೆಯುತ್ತಿದ್ದರು. ಉಂಗುರ ಕತ್ತರಿಸದೆ ಒಂದು ಹಲಗೆಯನ್ನು ತೆಗೆಯಲೂ ಆಗದು, ಸೇರಿಸಲೂ ಆಗದು. ಇಂದಿನ ಈ-ಕಡತ ಸ್ವಭಾವದಲ್ಲಿ ಆ ಬಟ್ಟೆಯ ಕಡತವೇ: ಒರೆಸಿದರೆ ಗುರುತೂ ಉಳಿಯದು. ಅದಕ್ಕೆ ತಾಮ್ರಪಟದ ಉಂಗುರ ತೊಡಿಸುವುದು ಹೇಗೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಸರ್ವರಿನಲ್ಲಿದ್ದರೆ ಸಾಲದೇ?

ಇಲಾಖೆಯ ಸರ್ವರ್ ಇರುವುದು ಇವತ್ತಿನ ಕೆಲಸಕ್ಕೆ. ಕೆಲವು ವರ್ಷಕ್ಕೊಮ್ಮೆ ತಂತ್ರಾಂಶ ಬದಲಾಗುತ್ತದೆ. ಆಗ ನಡೆಯುತ್ತಿರುವ ಕಡತಗಳನ್ನು ಹೊಸದಕ್ಕೆ ಸಾಗಿಸುವ ಆತುರದಲ್ಲಿ, ಮುಕ್ತಾಯವಾದ ಕಡತಗಳು ಹಳೆಯ ಯಂತ್ರದಲ್ಲೇ ಉಳಿದುಬಿಡುವ ಅಪಾಯ ಇರುತ್ತದೆ. ಬ್ಯಾಕಪ್ ಇದೆಯಲ್ಲ ಎಂದರೆ, ಅದು ಇಂದು ಯಂತ್ರ ಕೆಟ್ಟರೆ ನಾಳೆ ಕಚೇರಿ ನಡೆಯಲಿ ಎಂದು ಮಾಡಿದ ಏರ್ಪಾಡು. ಕಡತವೊಂದು ತಪ್ಪಿ ಅಳಿಸಿಹೋಗಿ ಯಾರ ಗಮನಕ್ಕೂ ಬರದಿದ್ದರೆ, ಹಳೆಯ ಬ್ಯಾಕಪ್ಪಿನ ಮೇಲೆ ಹೊಸದು ಬರೆದುಕೊಂಡಾಗ ಅಲ್ಲಿಂದಲೂ ಅದು ಮಾಯವಾಗುತ್ತದೆ.

ಫೈಲು ಉಳಿದರೂ ಓದಲು ಬಾರದೆ ಹೋಗುವ ಅಪಾಯ ಬೇರೆ. ಇಂಗ್ಲೆಂಡಿನಲ್ಲಿ ದೊರೆ ವಿಲಿಯಂ ಮಾಡಿಸಿದ ಭೂಮಿಯ ಲೆಕ್ಕ, 1086ರ ‘ಡೂಮ್ಸ್‌ಡೇ ಬುಕ್’, ಚರ್ಮದ ಹಾಳೆಗಳ ಮೇಲೆ ಇಂದಿಗೂ ಓದಲು ಸಿಗುತ್ತದೆ. ಅದರ ಒಂಬೈನೂರನೇ ವರ್ಷದ ನೆನಪಿಗೆಂದು 1986ರಲ್ಲಿ ಬಿಬಿಸಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಂದ ಊರೂರಿನ ವಿವರ, ಚಿತ್ರ ಸಂಗ್ರಹಿಸಿ ಲೇಸರ್ ಡಿಸ್ಕಿನಲ್ಲಿ ತಂದಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾದವು. ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ತಂಡವೊಂದು ಹಳೆಯ ಕಂಪ್ಯೂಟರಿನಂತೆಯೇ ವರ್ತಿಸುವ ತಂತ್ರಾಂಶ ಬರೆದು ಅದರ ವಿಷಯವನ್ನು ಹೊರತೆಗೆಯಬೇಕಾಯಿತು.

ಇದಕ್ಕಾಗಿ ಇಂಗ್ಲೆಂಡಿನವರೆಗೆ ಹೋಗಬೇಕಾಗಿಯೂ ಇಲ್ಲ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ನಮ್ಮ ಕಚೇರಿಗಳಲ್ಲಿ ಬಹುಕಾಲ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳಲ್ಲಿ ಟೈಪು ಮಾಡಿದ ಆದೇಶ ಕಂಪ್ಯೂಟರಿನ ಒಳಗೆ ಕನ್ನಡವಾಗಿ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಾಗಿ ಇರುತ್ತದೆ. ಅವುಗಳ ಮೇಲೆ ಕನ್ನಡದ ಆಕಾರ ಬಿಡಿಸಿ ತೋರಿಸುವುದು ಫಾಂಟಿನ ಕೆಲಸ. ಫಾಂಟು ಇಲ್ಲದ ಯಂತ್ರದಲ್ಲಿ ಅದನ್ನು ತೆರೆದರೆ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಹಳೆಯ ಪೆನ್‌ಡ್ರೈವ್ ತೆರೆದು ನೋಡಿದ ಎಷ್ಟೋ ಕನ್ನಡಿಗರು ಇದನ್ನು ಕಂಡಿದ್ದಾರೆ. ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಗಳು ಗಟ್ಟಿಯಾಗಿಯೇ ಇವೆ, ಓದುವವರು ವಿರಳ. ಮೋಡಿಗೆ ಆ ಗತಿ ಬರಲು ತಲೆಮಾರುಗಳು ಬೇಕಾದವು. ಫಾಂಟಿಗೆ ಹತ್ತಿಪ್ಪತ್ತು ವರ್ಷ ಸಾಕಾಯಿತು.

ಕಾನೂನು ಏನು ಹೇಳುತ್ತದೆ?

ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕಂಪ್ಯೂಟರಿನಿಂದ ಹುಟ್ಟಿದ್ದನ್ನೂ ‘ದಾಖಲೆ’ ಎಂದೇ ಪರಿಗಣಿಸುತ್ತದೆ. ಪ್ರತಿ ಕಚೇರಿಯಲ್ಲೂ ಒಬ್ಬ ದಾಖಲೆ ಅಧಿಕಾರಿ ಇರಬೇಕು. ನಿಯಮ ಮೀರಿ ದಾಖಲೆ ನಾಶಮಾಡಿದವರಿಗೆ 5 ವರ್ಷದವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಇದು ಕೇಂದ್ರ ಸರ್ಕಾರದ ಮತ್ತು ಕೇಂದ್ರಾಡಳಿತ ಪ್ರದೇಶಗಳ ದಾಖಲೆಗೆ ಅನ್ವಯಿಸುವ ಕಾಯ್ದೆ. ಕರ್ನಾಟಕಕ್ಕೆ 2010ರ ಹೆಸರಿನ ತನ್ನದೇ ಕಾಯ್ದೆ ಇದೆ. ವಿಧಾನಸೌಧದಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯ ಪತ್ರಾಗಾರ ಇಲಾಖೆ ಇದೆ.

ಕೇಂದ್ರದ ಕಾಯ್ದೆ ಗೋಪ್ಯವಲ್ಲದ ಶಾಶ್ವತ ದಾಖಲೆಗಳು ಪತ್ರಾಗಾರಕ್ಕೆ ಹೋಗುವುದಕ್ಕೆ 25 ವರ್ಷದ ಗೆರೆ ಎಳೆದಿದೆ. ಕಾಗದದ ಕಾಲಕ್ಕೆ ಅದು ಸರಿಯಾದ ಅವಧಿ. ಈ-ಕಡತಕ್ಕೆ ಅಷ್ಟು ಕಾದರೆ ಒಪ್ಪಿಸಲು ಏನೂ ಉಳಿದಿರದೆ ಹೋಗಬಹುದು. ದಾಖಲೆಯನ್ನು ಸಾರ್ವಜನಿಕರಿಗೆ ತೆರೆಯುವುದು ಕಾನೂನು ಹೇಳಿದ ಅವಧಿಗೇ ಆಗಲಿ. ಕಾಯುವವರ ಕೈಗೆ ಕೊಡುವುದು ಮಾತ್ರ ಕಡತ ಮುಕ್ತಾಯವಾದ ಕೆಲವೇ ವರ್ಷಗಳಲ್ಲಿ ಆಗಬೇಕು. ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದು.

ಕೈ ಬದಲಾಗುವ ಬಗೆ

ಒಂದು ಊರಿನ ಕೆರೆ ಒತ್ತುವರಿ ತೆರವಿನ ಈ-ಕಡತ ಇದೆ ಎಂದಿಟ್ಟುಕೊಳ್ಳಿ. ಆದೇಶವಾಗಿದೆ, ಕೆಲಸ ಮುಗಿದಿದೆ, ಕಡತ ಮುಕ್ತಾಯವಾಗಿದೆ. ಮುಂದೇನು?

ಮೊದಲು ಇದು ಉಳಿಯಬೇಕಾದ ಕಡತವೇ ಎಂದು ನಿರ್ಧರಿಸಬೇಕು. ನಮ್ಮ ಕಚೇರಿ ಪದ್ಧತಿಯಲ್ಲಿ ಕಡತಗಳಿಗೆ ವರ್ಗ ಕೊಡುವ ರೂಢಿ ಇದೆ. ‘ಎ’ ವರ್ಗದ್ದು ಶಾಶ್ವತ. ಸಿಬ್ಬಂದಿಯ ರಜೆ ಅರ್ಜಿ ಶಾಶ್ವತವಾಗಿ ಬೇಕಿಲ್ಲ. ಕೆರೆಯ ಗಡಿ ಬೇಕು. ಜಾಗ ಅಗ್ಗವಾಗಿದೆಯೆಂದು ಎಲ್ಲವನ್ನೂ ತುಂಬಿಡುವವರು ಮುಂದೆ ಯಾವುದನ್ನೂ ಹುಡುಕಲಾರರು.

ಬಳಿಕ ಕಟ್ಟು ಕಟ್ಟುವ ಕೆಲಸ. ಆದೇಶದ ಪಿಡಿಎಫ್ ಒಂದನ್ನೇ ಕಳಿಸಿದರೆ ಸಾಲದು. ಟಿಪ್ಪಣಿ ಹಾಳೆ, ಊರವರ ಅರ್ಜಿ, ಸರ್ವೆ ನಕ್ಷೆ, ಯಾರು ಯಾವ ದಿನ ಯಾವ ಹುದ್ದೆಯಲ್ಲಿದ್ದು ಏನು ಬರೆದರು, ಸಂಬಂಧಿಸಿದ ಬೇರೆ ಕಡತಗಳ ಸಂಖ್ಯೆ ಎಲ್ಲವೂ ಜೊತೆಗಿರಬೇಕು. ದಾಖಲೆಯ ಕುರಿತ ಈ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದ್ದು ಹೇಗೆ? ಲಿಪಿಯ ರೂಪ, ಹೇಳಿಕೊಂಡ ಕಾಲ ಒಂದಕ್ಕೊಂದು ಹೊಂದದ್ದನ್ನು ಕಂಡು. ಸುತ್ತಲಿನ ವಿವರವೇ ದಾಖಲೆಗೆ ಸಾಕ್ಷಿ ನುಡಿಯುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ಕಚೇರಿಯ ಇ-ಮೇಲ್‌ಗಳ ಬಗ್ಗೆ ನಡೆದ ಆರ್ಮ್‌ಸ್ಟ್ರಾಂಗ್ ಮೊಕದ್ದಮೆಯಲ್ಲೂ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಇದೇ ತೀರ್ಮಾನಕ್ಕೆ ಬಂತು: ಯಾರಿಂದ, ಯಾರಿಗೆ, ಯಾವಾಗ ಎಂಬುದು ಬಿಟ್ಟುಹೋಗುವ ಮುದ್ರಿತ ಪ್ರತಿ ಮೂಲ ಇ-ಮೇಲ್‌ಗೆ ಬದಲಿಯಾಗಲಾರದು. ಎಲ್ಲವನ್ನೂ ಪ್ರಿಂಟ್ ತೆಗೆದಿಟ್ಟರಾಯಿತು ಎನ್ನುವವರಿಗೂ ಇದು ಉತ್ತರ.

ಇನ್ನು ಉಂಗುರ ಮತ್ತು ಮುದ್ರೆ. ಪ್ರತಿ ಫೈಲಿನ ಮೇಲೂ ಒಂದು ಗಣಿತದ ಸೂತ್ರ ಓಡಿಸಿದರೆ ಅದಕ್ಕೇ ವಿಶಿಷ್ಟವಾದ ಸಂಕೇತ ಸಿಗುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಹೆಚ್ಚಾಗಿ ಬಳಸುವ ಎಸ್‌ಎಚ್‌ಎ-256 ಸೂತ್ರದಲ್ಲಿ ಇದು 64 ಅಂಕಿ-ಅಕ್ಷರಗಳ ಸಾಲು. ಸಾವಿರ ಪುಟದ ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಇಲಾಖೆ ಈ ಹ್ಯಾಶ್‌ಗಳ ಪಟ್ಟಿಯನ್ನು ಕಟ್ಟಿನ ಜೊತೆ ಕಳಿಸುತ್ತದೆ. ಪತ್ರಾಗಾರ ಬಂದ ಕಟ್ಟನ್ನು ಮೊದಲು ಪ್ರತ್ಯೇಕ ಯಂತ್ರದಲ್ಲಿ ಇಟ್ಟು ವೈರಸ್ ತಪಾಸಣೆ ಮಾಡಿ, ಹ್ಯಾಶ್‌ಗಳನ್ನು ತಾನೇ ಮತ್ತೊಮ್ಮೆ ಲೆಕ್ಕ ಹಾಕುತ್ತದೆ. ಒಂದು ತಾಳೆಯಾಗದಿದ್ದರೂ ಕಟ್ಟು ವಾಪಸು. ತಾಳೆಯಾದರೆ ಸ್ವೀಕೃತಿ. ಆ ಸ್ವೀಕೃತಿ ಕೈಸೇರುವವರೆಗೆ ಇಲಾಖೆ ತನ್ನ ಪ್ರತಿಯನ್ನು ಅಳಿಸಬಾರದು.

ಒಳಗೆ ತೆಗೆದುಕೊಂಡ ಮೇಲೆ ಪತ್ರಾಗಾರ ಪ್ರತಿ ಫೈಲಿನ ನಮೂನೆ ಗುರುತಿಸುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ನಡೆಸುವ ‘ಪ್ರೋನಾಮ್’ ಎಂಬ ನಮೂನೆಗಳ ಪಟ್ಟಿಯನ್ನು ಇದಕ್ಕಾಗಿ ಜಗತ್ತಿನ ಅನೇಕ ಪತ್ರಾಗಾರಗಳು ಬಳಸುತ್ತವೆ. ಅಳಿದುಹೋಗುವ ಭಯವಿರುವ ನಮೂನೆಯಿಂದ ಬಾಳಿಕೆಯದ್ದಕ್ಕೆ ಒಂದು ಪ್ರತಿ ಮಾಡಿಕೊಳ್ಳುತ್ತಾರೆ. 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್-ಎ ಇಂಥದ್ದು. ಬೇಕಾದ ಫಾಂಟನ್ನು ಅದು ತನ್ನೊಳಗೇ ಹೊತ್ತಿರುತ್ತದೆ. ಆದರೆ ಹಳೆಯ ನುಡಿಯ ಕಡತಕ್ಕೆ ಇಷ್ಟು ಸಾಲದು. ಕಣ್ಣಿಗೆ ಕನ್ನಡ ಕಂಡರೂ ಒಳಗಿನ ಸಂಕೇತ ಬೇರೆಯಾದ್ದರಿಂದ, ನಿಮ್ಮ ಮೊಮ್ಮಗಳು ಊರಿನ ಹೆಸರು ಟೈಪಿಸಿ ಹುಡುಕಿದರೆ ಕಡತ ಸಿಗುವುದಿಲ್ಲ. ಹಾಗಾಗಿ ಮೂಲ ಫೈಲನ್ನೂ ಉಳಿಸಿಕೊಂಡು, ಯೂನಿಕೋಡಿಗೆ ತಿರುಗಿಸಿದ ಪ್ರತಿಯನ್ನೂ ಪಕ್ಕದಲ್ಲಿಟ್ಟು, ಯಾರು ಯಾವಾಗ ಯಾವ ತಂತ್ರಾಂಶದಿಂದ ತಿರುಗಿಸಿದರು ಎಂಬುದನ್ನೂ ಬರೆದಿಡಬೇಕು. ಕನ್ನಡದ ಪತ್ರಾಗಾರಕ್ಕೆ ಇದು ಕೈಬಿಡಲಾಗದ ಕೆಲಸ.

ಡಿಜಿಟಲ್ ಸಹಿಯದ್ದು ಇನ್ನೊಂದು ತೊಡಕು. ಅಧಿಕಾರಿಯ ಸಹಿಯ ಹಿಂದಿರುವ ಪ್ರಮಾಣಪತ್ರದ ಅವಧಿ ಒಂದರಿಂದ ಮೂರು ವರ್ಷ. ಅವಧಿ ತೀರಿದ ಬಹುಕಾಲದ ಮೇಲೆ ಅದನ್ನು ಪರಿಶೀಲಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಒಪ್ಪಿಸುವ ಹೊತ್ತಿಗೇ ಸಹಿ ಸರಿಯಿದೆಯೆಂದು ನೋಡಿ, ಆ ಪರಿಶೀಲನೆಯನ್ನೂ ದಾಖಲೆಯ ಭಾಗವಾಗಿಸಿದರೆ ಮುಂದಿನವರಿಗೆ ಆಧಾರ ಸಿಗುತ್ತದೆ.

ಈ ಕ್ರಮಕ್ಕೆ ಜಗತ್ತಿನ ಪತ್ರಾಗಾರಗಳು ಒಪ್ಪಿದ ಒಂದು ಮಾದರಿ ಇದೆ: ಓಎಐಎಸ್. ಉಪಗ್ರಹಗಳಿಂದ ಬಂದ ಮಾಹಿತಿಯನ್ನು ದೀರ್ಘಕಾಲ ಕಾಪಾಡಲು ಬಾಹ್ಯಾಕಾಶ ಸಂಸ್ಥೆಗಳು ಸೇರಿ ರೂಪಿಸಿದ್ದು, 2003ರಲ್ಲಿ ಐಎಸ್‌ಒ 14721 ಮಾನಕವಾಯಿತು. ಅದರ ಪ್ರಕಾರ ದಾಖಲೆಗೆ ಮೂರು ಕಟ್ಟುಗಳು: ಇಲಾಖೆ ಒಪ್ಪಿಸುವ ಕಟ್ಟು, ಪತ್ರಾಗಾರ ಕಾಯುವ ಕಟ್ಟು, ಕೇಳಿ ಬಂದವರಿಗೆ ಕೊಡುವ ಕಟ್ಟು. ಕಾಯುವ ಕಟ್ಟಿನ ಪ್ರತಿಗಳು ದೂರದೂರದ ಊರುಗಳಲ್ಲಿ ಇರಬೇಕು. ಕಾಲಕಾಲಕ್ಕೆ ಹ್ಯಾಶ್ ಲೆಕ್ಕ ಹಾಕಿ, ಕೆಟ್ಟ ಪ್ರತಿಯನ್ನು ಸರಿಯಿರುವ ಪ್ರತಿಯಿಂದ ಸರಿಪಡಿಸಬೇಕು. ಈ ಕೆಲಸಕ್ಕೆ ಕೊನೆಯಿಲ್ಲ. ಅಭಿಲೇಖಾಲಯದಲ್ಲಿ ವರ್ಷವರ್ಷವೂ ಕಟ್ಟು ಬಿಚ್ಚಿ ಧೂಳು ಕೊಡವಿದ ಹಾಗೆ.

ಪಹಣಿಯ ಮಾತು

ನೀವು ಪಹಣಿಯನ್ನು ಎತ್ತಿದ್ದರಿಂದ ಒಂದು ಕಠಿಣ ಸಂಗತಿ ಹೇಳಲೇಬೇಕು. ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿ ಒಂದು ಹಾಳೆಯಾಗಿ ಎಲ್ಲೂ ಕೂತಿಲ್ಲ. ಸರ್ವೆ ನಂಬರು, ಮಾಲೀಕರು, ಮ್ಯುಟೇಶನ್, ಬೆಳೆ ಹೀಗೆ ಬೇರೆ ಬೇರೆ ಕೋಷ್ಟಕಗಳಲ್ಲಿ ಹರಡಿರುವ ಮಾಹಿತಿ, ನೀವು ಕೇಳಿದ ಗಳಿಗೆಯಲ್ಲಿ ಪಹಣಿಯ ರೂಪ ತಾಳುತ್ತದೆ. ನಾಳೆ ಜಮೀನು ಕೈ ಬದಲಾದರೆ ನಾಳೆಯ ಪಹಣಿ ಬೇರೆ. ಇಂಥ ದತ್ತಸಂಚಯವನ್ನು ಗೊತ್ತಾದ ದಿನಗಳಲ್ಲಿ ಇಡಿಯಾಗಿ ಪ್ರತಿ ತೆಗೆದು, ಯಾವ ಕೋಷ್ಟಕದ ಯಾವ ಅಂಕಣಕ್ಕೆ ಏನರ್ಥ ಎಂಬ ವಿವರಣೆಯೊಂದಿಗೆ ಒಪ್ಪಿಸಬೇಕು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಇದಕ್ಕೆಂದೇ ‘ಸಿಯಾರ್ಡ್’ ಎಂಬ ಮುಕ್ತ ನಮೂನೆ ರೂಪಿಸಿದೆ. ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಒಳ್ಳೆಯದು, ಅದು ನಡೆಯಲಿ. ಆದರೆ ಸ್ಕ್ಯಾನ್ ಮಾಡಿದ್ದಕ್ಕೆ ಮೂಲದ ಕಾಗದವಾದರೂ ಹಿಂದೆ ಇದೆ. ಕಂಪ್ಯೂಟರಿನಲ್ಲೇ ಹುಟ್ಟಿದ್ದಕ್ಕೆ ಅದೂ ಇಲ್ಲ.

ನಮ್ಮ ದೇಶದಲ್ಲಿ ಇದರ ತಿಳಿವಳಿಕೆಗೆ ಕೊರತೆಯಿಲ್ಲ. ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಡಿಜಿಟಲ್ ಸಂರಕ್ಷಣೆಗಾಗಿಯೇ ಉತ್ಕೃಷ್ಟತಾ ಕೇಂದ್ರ ಹುಟ್ಟಿಕೊಂಡಿತು. ಈ-ದಾಖಲೆಯ ಜೊತೆ ಯಾವ ಯಾವ ವಿವರ ಇರಬೇಕೆಂಬ ಮಾನಕವನ್ನು ಕೇಂದ್ರ ಸರ್ಕಾರ 2013ರಲ್ಲಿ ಹೊರಡಿಸಿತು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ದೃಶ್ಯ-ಶ್ರವ್ಯ ಸಂಗ್ರಹ 2017ರಲ್ಲಿ, ನಂಬಿಕೆಗೆ ಅರ್ಹವಾದ ಡಿಜಿಟಲ್ ಭಂಡಾರವೆಂದು ಐಎಸ್‌ಒ 16363ರ ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ಸಂಸ್ಥೆಯಾಯಿತು. ಹಾಡು, ನೃತ್ಯಗಳಿಗೆ ಸಾಧ್ಯವಾದದ್ದು ಕೆರೆ, ಹೊಲ, ಮನೆಗಳ ದಾಖಲೆಗೂ ಸಾಧ್ಯವಾಗಬೇಕು.

ನಿಮ್ಮ ಕೈಯಲ್ಲೂ ಒಂದು ಕೆಲಸವಿದೆ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಇಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ನಿಮ್ಮೂರಿನ ಕಚೇರಿಗೆ ಹೊಸ ತಂತ್ರಾಂಶ ಬಂದಾಗ ಎರಡು ಪ್ರಶ್ನೆ ಕೇಳಿ: ಹಳೆಯ ಕಡತಗಳನ್ನು ಯಾರಿಗೆ ಒಪ್ಪಿಸಿದಿರಿ? ಅದರ ಸ್ವೀಕೃತಿ ಎಲ್ಲಿದೆ?

1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನ್ ಬರೆಸಿದ ಕನ್ನಡ ಪತ್ರಗಳ ಕಟ್ಟು ಸಿಕ್ಕಿತು. ಬರೆಸಿದವನ ಆಳ್ವಿಕೆ 1799ರಲ್ಲೇ ಮುಗಿದಿತ್ತು. ಆ ಪತ್ರಗಳು ಉಳಿದದ್ದು ಅವುಗಳನ್ನು ಬರೆದ ಕಚೇರಿಯಿಂದಲ್ಲ; ಕಚೇರಿ ಅಳಿದ ಮೇಲೂ ಕಾಯುತ್ತ ಕೂತ ಮನೆಯೊಂದರಿಂದ. ನಿಮ್ಮ ಅಜ್ಜನ ಪಹಣಿಗೆ ನಿಮ್ಮ ಮನೆಯ ಟ್ರಂಕು ಅಂಥ ಮನೆಯಾಯಿತು. ನಮ್ಮ ಈ-ಕಡತಗಳಿಗೆ ಆ ಮನೆ ಪತ್ರಾಗಾರ.